ಕಣ್ಣಿನ ಗೆರೆ

ಮರದ ಮಿಲ್ಲಿನ ಗರಗಸ ದಿಮ್ಮಿಗೆ ಕಚ್ಚುವಾಗ ಕೀರಲು ಸ್ವರ ಬರುತ್ತದೆ. ದಿಮ್ಮಿ ಎರಡಾದ ಮೇಲೆ ಅದು ಬರಿಯ ಗಾಳಿ. ಕಡಬ ಪೇಟೆಯ ಹಿಂದೆ, ಮಿಲ್ಲಿಗೆ ತಾಗಿದ, ನಮ್ಮ ನೆರೆಯ ಮನೆಯಲ್ಲಿ ದಮಯಂತಿಯಕ್ಕ ಚಿತ್ರ ಬರೆಯುತ್ತಿದ್ದರು. ಗರಗಸ ಕಚ್ಚಿದಾಗ ನೆಲ ಅದುರುತ್ತಿತ್ತು, ಪೆನ್ಸಿಲು ಎತ್ತುತ್ತಿದ್ದರು. ನಿಂತಾಗ ಮತ್ತೆ ಇಳಿಸುತ್ತಿದ್ದರು.

ಪೆನ್ಸಿಲು ಮಿಲ್ಲಿನದ್ದೇ. ಗಂಡ ಚೆನ್ನಪ್ಪಣ್ಣ ಅಲ್ಲಿ ಮರ ಅಳೆದು ಗುರುತು ಹಾಕುವ ಕೆಲಸದಲ್ಲಿದ್ದರು. ಪುಸ್ತಕ ಪುತ್ತೂರಿನ ಬಸ್‌ಸ್ಟ್ಯಾಂಡಿನಲ್ಲಿ ಕೊಂಡದ್ದು, ಚಿತ್ರಕಲೆ ಹೊಸದಾಗಿ ಕಲಿಯುವವರಿಗೆ. ಮೊದಲ ಪುಟದಲ್ಲಿ ಮಡಕೆ, ಆಮೇಲೆ ಹುಂಜ, ಕೊನೆಯಲ್ಲಿ ಮುಖ.

"ಮಡಕೆ ವಾಲಿದೆಯಲ್ಲ ಮಾರಾಯ್ತಿ, ಗಡಂಗಿಗೆ ಹೋಗಿ ಕುಡಿದು ಬಂದದ್ದಾ ಎಂತ?" ಎಂದು ಚೆನ್ನಪ್ಪಣ್ಣ ನಗುತ್ತಿದ್ದರು. ದಮಯಂತಿಯಕ್ಕ ನಗುತ್ತಿರಲಿಲ್ಲ.

ಅವರಿಗೆ ಬೇಕಾದದ್ದು ಮಡಕೆಯಲ್ಲ. ಹಿರಿಯ ಮಗಳು ಪಂಕಜಾಕ್ಷಿ ನಾಲ್ಕು ವರ್ಷದವಳಿದ್ದಾಗ ಜ್ವರದಲ್ಲಿ ಹೋಗಿದ್ದಳು. ಕೂದಲು ಸ್ವಲ್ಪ ಉದ್ದವಾಗಲಿ, ಮತ್ತೆ ಸ್ಟುಡಿಯೋಕ್ಕೆ ಕರೆದುಕೊಂಡು ಹೋಗುವ ಎಂದು ಮುಂದೆ ಹಾಕಿದ್ದರು. ಒಂದು ಫೋಟೋ ಇಲ್ಲ. ಮುಖ ಮರೆಯುತ್ತಾ ಬಂದಿತ್ತು.

ಮಕ್ಕಳ ಕಣ್ಣು ಮುಖದ ಅರ್ಧಕ್ಕಿಂತ ಕೆಳಗಿರುತ್ತದೆ, ದೊಡ್ಡವರದ್ದು ಸರಿ ಅರ್ಧದಲ್ಲಿ ಎಂದು ಪುಸ್ತಕದಲ್ಲಿತ್ತು. ಅವರು ಕಣ್ಣಿನ ಗೆರೆಯನ್ನು ಕೆಳಗಿಳಿಸಿ, ಮತ್ತಷ್ಟು ಇಳಿಸಿ ಬರೆದರು. ಹಲವು ಮಳೆಗಾಲ ಕಳೆಯಿತು. ಒಂದು ಮಧ್ಯಾಹ್ನ ಚೆನ್ನಪ್ಪಣ್ಣ ಹಾಳೆ ನೋಡಿ "ಅವಳೇ" ಎಂದವರು ಊಟದ ತಟ್ಟೆ ಬಿಟ್ಟು ಎದ್ದು ಹೋದರು. ದಮಯಂತಿಯಕ್ಕ ಆ ಹಾಳೆಯನ್ನು ಪೆಟ್ಟಿಗೆಯಲ್ಲಿ ಸೀರೆಗಳಡಿ ಇಟ್ಟರು. ಮತ್ತೆ ಬರೆಯಲಿಲ್ಲ.

ಎಂಬತ್ತಮೂರನೇ ಇಸವಿಯಲ್ಲಿ ಕಿರಿಯ ಮಗ ದೇವದಾಸನಿಗೆ ಹೆಣ್ಣು ನೋಡತೊಡಗಿದರು. ಬಂದ ಸಂಬಂಧವೆಲ್ಲ ಮುರಿಯಿತು. ಜೋಯಿಸರು ಕವಡೆ ಹಾಕಿ, "ಅಕ್ಕ ಪ್ರಾಯಕ್ಕೆ ಬಂದು ಕೂತಿದ್ದಾಳೆ. ಅವಳದ್ದು ಆಗದೆ ತಮ್ಮನದ್ದು ಹೇಗೆ ಆಗುದು?" ಎಂದರು. ನಮ್ಮ ಕಡೆಯ ನಂಬಿಕೆಯಲ್ಲಿ ಸತ್ತ ಮಕ್ಕಳೂ ಆ ಲೋಕದಲ್ಲಿ ಬೆಳೆಯುತ್ತವೆ. ಹೀಗೆ ಸಣ್ಣದರಲ್ಲೇ ಸತ್ತ ಇನ್ನೊಬ್ಬರ ಮಗನನ್ನು ಹುಡುಕಿ ಮದುವೆ ಮಾಡಿಸಬೇಕು.

ಐವರ್ನಾಡಿನ ದುಗ್ಗಮ್ಮನ ಮಗ ಅಚ್ಚುತ ಸಣ್ಣವನಿದ್ದಾಗ ಹೊಳೆಯಲ್ಲಿ ಮುಳುಗಿ ಹೋದವನು. ದುಗ್ಗಮ್ಮ ಹೆಣ್ಣು ನೋಡುವ ಶಾಸ್ತ್ರಕ್ಕೆ ಬಂದರು, ಕಾಫಿ ಕುಡಿದರು.

"ಹುಡುಗಿಯ ಪಟ ಎಂತಾದ್ರೂ ಉಂಟಾ?"

ದಮಯಂತಿಯಕ್ಕ ಹಾಳೆ ತಂದರು. ದುಗ್ಗಮ್ಮ ತುಂಬ ಹೊತ್ತು ನೋಡಿದರು.

"ಇದು ಮಗು ಅಲ್ವಾ ಅಕ್ಕ. ನಮ್ಮ ಅಚ್ಚುತನಿಗೆ ಈಗ ಮೀಸೆ ಬಂದಿರ್ತದೆ. ಇಷ್ಟು ಸಣ್ಣದನ್ನು ಹೇಗೆ ಕೊಡುದು ನೀವು?"

"ದೊಡ್ಡದು ಮಾಡಿ ಕೊಡುವ" ಎಂದರು ದಮಯಂತಿಯಕ್ಕ.

ಬೇರೆ ಹಾಳೆಯಲ್ಲಿ ಬರೆದರು. ಪುಸ್ತಕದಲ್ಲಿದ್ದ ಹೆಂಗಸಿನ ಮುಖವೇ ಬಂತು. ಪುನಃ ಬರೆದರು, ಪುನಃ ಅವಳೇ. ಕೊನೆಗೆ ಪೆಟ್ಟಿಗೆಯ ಹಾಳೆಯನ್ನೇ ಮಣೆಯ ಮೇಲೆ ಹರಡಿ, ಕಣ್ಣುಗಳನ್ನು ರಬ್ಬರಿನಲ್ಲಿ ಒರೆಸಿ, ಗೆರೆಯನ್ನು ಅರ್ಧಕ್ಕೆ ಏರಿಸಿದರು. ಗಲ್ಲ ಇಳಿಸಿದರು, ಕೂದಲಿಗೆ ಜಡೆ ಕೊಟ್ಟರು. ಗರಗಸ ನಿಂತಿದ್ದಾಗ, ಒಂದೇ ಸಂಜೆಯಲ್ಲಿ. ಮುಗಿದ ಮೇಲೆ ರಬ್ಬರಿನ ಪುಡಿಯನ್ನು ಬಾಗಿಲಾಚೆ ಗುಡಿಸಿದರು.

ಬದುಕಿದ್ದವರ ಮದುವೆ ಮಾಡದ ಆಟಿ ತಿಂಗಳಲ್ಲಿ ಮದುವೆಯಾಯಿತು. ಒಂದು ಮಣೆಯಲ್ಲಿ ಸೀರೆ, ರವಕೆ, ಆ ಪಟ. ಇನ್ನೊಂದರಲ್ಲಿ ಬಿಳಿ ಪಂಚೆ. ಸೀರೆಯ ಮೇಲೆ ಕರಿಮಣಿ ಇಟ್ಟರು. ನೆಂಟರು ನಿಜದ ಮದುವೆಯ ಹಾಗೆಯೇ ಪಾಯಸಕ್ಕೆ ಬೆಲ್ಲ ಕಡಿಮೆಯಾಯಿತೆಂದು ಜಗಳವಾಡಿದರು.

ಹೊರಡುವಾಗ ದುಗ್ಗಮ್ಮ ಸೀರೆಯೊಂದಿಗೆ ಪಟವನ್ನೂ ಮಡಚಿದರು.

"ಅದು..." ಎಂದರು ದಮಯಂತಿಯಕ್ಕ.

"ಮತ್ತೆಂತ ಅಕ್ಕ? ಮದುವೆ ಆದವಳು ಅಮ್ಮನ ಮನೆಯಲ್ಲಿ ಕೂತುಕೊಳ್ಳುದಾ?" ದುಗ್ಗಮ್ಮ ಮೆತ್ತಗೆ ನಕ್ಕರು. "ನಮ್ಮ ಸೊಸೆ ಚಂದ ಇದ್ದಾಳೆ."

ದಮಯಂತಿಯಕ್ಕ ತಲೆಯಾಡಿಸಿ ಎಲೆಗಳನ್ನು ಎತ್ತಲು ಒಳಗೆ ಹೋದರು.

ದೇವದಾಸನ ಸಂಬಂಧ ದೀಪಾವಳಿಗೆ ಮೊದಲೇ ಗಟ್ಟಿಯಾಯಿತು. ಅದರ ನಂತರ ಒಮ್ಮೆ, ನಾನು ಕಾಲೇಜಿನ ಬಸ್ಸಿಳಿದು ಬರುವಾಗ, ದಮಯಂತಿಯಕ್ಕ ಜಗಲಿಯಲ್ಲಿ ಮುಖ ಬರೆಯುತ್ತಿದ್ದುದನ್ನು ಕಂಡೆ. ಸುತ್ತ ಹಾಳೆಗಳು. ಎಲ್ಲದರಲ್ಲೂ ಜಡೆಯ ಹುಡುಗಿ.

"ಪುನಃ ಪಂಕಜಾಕ್ಷಿಯಾ ಅಕ್ಕ?"

"ಹ್ಞಾಂ. ಸಣ್ಣವಳು ಬರುದಿಲ್ಲ ಈಗ. ಕೈ ತನ್ನಷ್ಟಕ್ಕೆ ಅರ್ಧಕ್ಕೆ ಹೋಗ್ತದೆ." ಅವರು ಎದ್ದು ಕೊಡಪಾನವನ್ನು ಸೊಂಟಕ್ಕೆ ಏರಿಸಿದರು. ಮಿಲ್ಲಿನಲ್ಲಿ ಗರಗಸ ಕಚ್ಚಿತು. "ಅವಳ ಕಣ್ಣು ಕೆಳಗಿತ್ತು. ಎಷ್ಟು ಕೆಳಗೆ ಅಂದ್ರೆ, ಇಲ್ಲಿಂದ ಒಂದು..." ಎನ್ನುತ್ತಾ ಬಾವಿಯ ಕಡೆಗೆ ನಡೆದರು.