ಸುಂದರಾಬಾಯಿ ಹಂಚಿದ ಚಾರ್ಜು

ನಮ್ಮ ಅತ್ತೆ ಸುಂದರಾಬಾಯಿಯವರ ಜೊತೆ ರೈಲು ಹತ್ತಿದವರು ಯಾರೂ ಸುಮ್ಮನೆ ಕೂರುವಂತಿಲ್ಲ. ಮಾವ ಕಲ್ಯಾಣಪ್ಪನವರದು ಸರ್ಕಾರಿ ಕಾರ್ಖಾನೆಯ ನೌಕರಿ. ಊಟಕ್ಕೆ ಕೂತರೂ ಯಾರು ಯಾರಿಗೆ ಕೆಲಸದ ಚಾರ್ಜು ವಹಿಸಿಕೊಟ್ಟರು ಎಂಬುದೇ ಮಾತು. ಅವರು ತೀರಿಹೋದರು, ಕ್ವಾರ್ಟರ್ಸ್ ಬಿಟ್ಟು ನಾವು ಲಿಂಗಂಪಲ್ಲಿಯ ಅಪಾರ್ಟ್‌ಮೆಂಟಿಗೆ ಬಂದೆವು. ಚಾರ್ಜು ಮಾತ್ರ ಅತ್ತೆಯ ಬಾಯಲ್ಲಿ ಉಳಿದುಬಿಟ್ಟಿತು.

ಪ್ರತಿ ಬೇಸಿಗೆಗೆ ಕಲಬುರಗಿಯ ತಮ್ಮ ತವರಿಗೆ ಹೊರಟಾಗ ಅತ್ತೆ ಎಲ್ಲರಿಗೂ ಒಂದೊಂದು ಚಾರ್ಜು ಹಂಚುತ್ತಾರೆ. ಕೊಟ್ಟ ಮೇಲೆ ನಡುವೆ ಯಾರೂ ಬಾಯಿ ಹಾಕುವಂತಿಲ್ಲ. ನೀರಿನ ಚಾರ್ಜು ನನ್ನ ಮಗ ಅಕ್ಷಯನದು. ಅವನನ್ನು ಕೇಳದೆ ಒಂದು ಗುಟುಕು ಕುಡಿಯುವಂತಿಲ್ಲ. ಪಟಾನ್‌ಚೆರುವಿನ ಔಷಧ ಕಾರ್ಖಾನೆಯಲ್ಲಿ ದರ್ಬಾರು ಮಾಡುವ ನನ್ನ ಗಂಡ ಬಸವರಾಜರಿಗೆ ಯಾವಾಗಲೂ ಚಪ್ಪಲಿ ಚಾರ್ಜು. ನಾವೆಲ್ಲ ಬಿಚ್ಚಿಟ್ಟು ಚಕ್ಕಳಬಕ್ಕಳ ಹಾಕಿ ಕೂತರೆ, ಸಾಹೇಬರು ಬಗ್ಗಿ ಎಲ್ಲವನ್ನೂ ಸೀಟಿನ ಕೆಳಗೆ ಜೋಡಿಸಬೇಕು. ಈ ದೃಶ್ಯ ನೋಡಲಿಕ್ಕಾದರೂ ನಾನು ವರ್ಷವಿಡೀ ಕಾಯುತ್ತೇನೆ.

ತಾಪತ್ರಯ ಇದ್ದದ್ದು ನನ್ನ ಮಗಳು ಪಿಂಕಿಯದು. ಆರು ವರ್ಷದ ಹುಡುಗಿ, ರೈಲು ಹತ್ತಿದ್ದೇ ತಡ ಅಳು. ಕಿಟಕಿ ಬೇಕು, ಕಿಟಕಿ ಬೇಡ, ಹೊಟ್ಟೆ ತೊಳಸಾಕತ್ತೈತಿ, ಊರು ಯಾವಾಗ ಬರತೈತಿ. ಹೋದ ವರ್ಷ ಬೋಗಿಯಲ್ಲಿ ಒಬ್ಬರನ್ನೂ ನಿದ್ದೆ ಮಾಡಗೊಡಲಿಲ್ಲ. ಈ ಸಲ ಹೊರಡುವ ಮುಂಚೆ ಬಸವರಾಜ ಕಡ್ಡಿ ಮುರಿದಂತೆ ಹೇಳಿಬಿಟ್ಟರು.

"ಅವ್ವಾ, ಪಿಂಕಿ ಅತ್ಲು ಅಂದ್ರ ಇದ ಲಾಸ್ಟ್ ಟ್ರಿಪ್. ಮುಂದಿನ ವರ್ಷ ನಿನ್ನೊಬ್ಬಾಕಿನ್ನ ಕಾರಿನ್ಯಾಗ ಕಳಸ್ತೀನಿ. ನಾವು ಬರಂಗಿಲ್ಲ."

ಅತ್ತೆಯ ಮುಖ ಸಣ್ಣದಾಯಿತು. ಮೊಮ್ಮಕ್ಕಳಿಲ್ಲದೆ ಒಬ್ಬರೇ ತವರಿಗೆ ಹೋಗಿ ಅವರು ಮಾಡುವುದಾದರೂ ಏನು? ನನಗೆ ಮೈಯೆಲ್ಲ ಉರಿದುಹೋಯಿತು. ಮಗು ಅತ್ತರೆ ಜುಲ್ಮಾನೆ ಹಾಕುವ ಅಪ್ಪನನ್ನು ನಾನು ಬೇರೆಲ್ಲೂ ಕಂಡಿಲ್ಲ! ಅತ್ತೆ ಮಾತ್ರ ಶೇಂಗಾ ಹೋಳಿಗೆಗೆ ಕಣಕ ಕಲೆಸಲು ಕೂತರು.

ಗಾಡಿ ಹತ್ತಿದ ಮೇಲೆ ಅತ್ತೆ ಪಿಂಕಿಯನ್ನು ಸೀಟಿನ ಮೇಲೆ ನಿಲ್ಲಿಸಿದರು.

"ಪಿಂಕಿ ಮೇಡಂ, ಈ ಸಲ ಇಳಿಸೋ ಚಾರ್ಜ್ ನಿಮ್ದು ನೋಡ್ರಿ. ನೀವು ಇಳೀರಿ ಅಂದ್ರ ಇಳೀತೀವಿ. ಇಲ್ಲಾಂದ್ರ ಗಾಡಿ ಮುಂಬೈಗೆ ಹೋದ್ರೂ ಕುಂತಿರತೀವಿ."

"ಪಪ್ಪಾನೂ?"

"ಪಪ್ಪಾ ಏನ್ರಿ, ಚಪ್ಪಲಿ ಚಾರ್ಜಿನಾಂವ!"

ಪಿಂಕಿ ಸಲ್ಯೂಟ್ ಹೊಡೆದಳು. ಅಳು ಎಲ್ಲಿ ಹೋಯಿತೋ ದೇವರೇ ಬಲ್ಲ. ಎದುರು ಸೀಟಿನ ಹೆಂಗಸನ್ನು ತೆಲುಗಿನಲ್ಲಿ "ಎಕ್ಕಡ ದಿಗುತಾರು?", ಎಲ್ಲಿ ಇಳಿಯುತ್ತೀರಿ ಎಂದು ಕೇಳಿ, ಅವರ ಊರು ಬರುವ ಮೊದಲೇ ಚೀಲ ಕೈಗೆ ಕೊಟ್ಟಳು. ವಿಕಾರಾಬಾದಿನಲ್ಲಿ ಅಳಲಿಲ್ಲ, ತಾಂಡೂರಿನಲ್ಲಿ ಅಳಲಿಲ್ಲ. ಅತ್ತೆ ಪ್ರತಿ ಸ್ಟೇಷನ್ನಿಗೂ ನನ್ನ ತೊಡೆ ಚಿವುಟಿ ಕಣ್ಣು ಮಿಟುಕಿಸುತ್ತಿದ್ದರು. ಬಸವರಾಜ ಮೇಲಿನ ಬರ್ತಿನಲ್ಲಿ ಗೊರಕೆ ಹೊಡೆಯುತ್ತಿದ್ದರು.

ಸೇಡಂ ದಾಟಿತು. ಚಿತ್ತಾಪುರದಲ್ಲಿ ಗಾಡಿ ನಿಂತದ್ದೇ ಪಿಂಕಿ ಕೂಗಿದಳು. "ಇಳೀರಿ! ಎಲ್ಲಾರೂ ಇಳೀರಿ!"

"ಆಯೀ, ಇದು ಕಲಬುರ್ಗಿ ಅಲ್ಲ!" ಎಂದು ಅಕ್ಷಯ ಅಜ್ಜಿಗೆ ಹೇಳಿದ.

"ಚಾರ್ಜ್ ಯಾರ್ದು?"

"ಪಿಂಕೀದು."

"ಮತ್ತ? ನಡೀ."

"ಅಯ್ಯೋ ಅತ್ತಿ" ಎಂದು ನಾನು ಕೂಗುವಷ್ಟರಲ್ಲಿ ಅವರು ಬುತ್ತಿ ಚೀಲ ಎತ್ತಿಕೊಂಡು ಬಾಗಿಲಲ್ಲಿದ್ದರು. ಎಲ್ಲರಿಗಿಂತ ಮೊದಲು ಇಳಿದವರು ಯಾರು ಗೊತ್ತೇ? ಬಸವರಾಜ! ಬೆಚ್ಚಿಬಿದ್ದು ಎದ್ದು, ಬರ್ತಿನಿಂದ ಧುಮುಕಿ, ಬ್ಯಾಗು ಎಳೆದುಕೊಂಡು ಪ್ಲಾಟ್‌ಫಾರ್ಮಿನ ಮೇಲೆ ನಿಂತಿದ್ದರು. ಗಾಡಿ ಹೊರಟಿತು. ಆಮೇಲೆ ನಮ್ಮ ಕಾಲುಗಳು ಚುರ್ ಎಂದವು. ಎಲ್ಲರ ಚಪ್ಪಲಿಗಳೂ ಸೀಟಿನ ಕೆಳಗೆ ಸಾಲಾಗಿ ಕಲಬುರಗಿಗೆ ಹೋಗುತ್ತಿದ್ದವು.

"ಚಿತ್ತಾಪುರ! ಇದೇನವ್ವಾ ಇದು!" ಬಸವರಾಜ ಕುಣಿಯಲು ಶುರು ಮಾಡಿದರು. ಬಯ್ಯಬೇಕೆಂದರೆ ನಿಲ್ಲಬೇಕು, ನಿಂತರೆ ಕಾಲು ಸುಡುತ್ತದೆ.

"ಪಪ್ಪಾ, ಚಪ್ಪಲಿ ಚಾರ್ಜ್ ನಿಮ್ದಲ್ಲ?" ಎಂದ ಅಕ್ಷಯ. ನಾನು ನಗು ತಡೆಯಲಾಗದೆ ಬ್ಯಾಗಿನ ಮೇಲೆ ಕುಸಿದೆ. ಅತ್ತೆ ಕಂಬ ಹಿಡಿದು ನಕ್ಕರು. ಕೊನೆಗೆ ಐದೂ ಜನ ಕುಪ್ಪಳಿಸುತ್ತ ಬೇವಿನ ಮರದ ನೆರಳಿಗೆ ಓಡಿದೆವು. ಹೋಳಿಗೆ ಡಬ್ಬಿ ಬಿಚ್ಚಿತು. ಮುಂದಿನ ಗಾಡಿ ಬರುವವರೆಗೆ ಇನ್ನೇನು ಕೆಲಸ?

ಹೋಳಿಗೆ ಹೊಟ್ಟೆಗಿಳಿದ ಮೇಲೆ ಬಸವರಾಜ ತಣ್ಣಗಾದರು. "ಯಾಕವ್ವಾ ಪಿಂಕಿ, ಇಲ್ಲ್ಯಾಕ ಇಳಿಸಿದಿ?"

ಪಿಂಕಿಯ ಕೆಳತುಟಿ ನಡುಗಿತು. ಇಲ್ಲಿಯವರೆಗೂ ಅಳದೆ ಬಂದ ಮಗು ಈಗ ಅತ್ತರೆ ಎಲ್ಲ ಮುಗಿಯಿತು. ಅತ್ತೆಯೂ ಅಗಿಯುವುದನ್ನು ನಿಲ್ಲಿಸಿದರು.

"ಕಲಬುರ್ಗಿ ಬಂದ್ರ ಮುಗೀತೈತಲ್ಲ ಪಪ್ಪಾ. ಇದ ಲಾಸ್ಟ್ ಟ್ರಿಪ್ ಅಂದಿದ್ರಿ. ಅದಕ್ಕ ಮುಗಿಯೂದ್ರಾಗ ಇಳಿಸಿದೆ."

ಬಸವರಾಜ ಮಗಳನ್ನು ಎಳೆದು ಎದೆಗೆ ಒತ್ತಿಕೊಂಡರು. ಅವಳು ಅಳಲಿಲ್ಲ. ಅತ್ತದ್ದು ಅವರು.

ಆಮೇಲೆ ತೋಳಿನಿಂದ ಮೂಗೊರೆಸಿಕೊಂಡು ಹೇಳಿದರು. "ಅವ್ವಾ, ಮುಂದಿನ ವರ್ಷ ನನಗ ಚಪ್ಪಲಿ ಚಾರ್ಜ್ ಬ್ಯಾಡ."

ಮುಂದಿನ ವರ್ಷ! ಅತ್ತೆ ಮುಖ ಆ ಕಡೆ ತಿರುಗಿಸಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಈ ಕಡೆ ತಿರುಗಿದಾಗ ಅದೇ ಅಧಿಕಾರದ ದನಿ.

"ಮಂದಿ ಚಪ್ಪಲಿ ಎಲ್ಲಾ ಕಳದಾಂವಗ ಪ್ರಮೋಷನ್ ಬ್ಯಾರೆ ಬೇಕೇನು?"