ನಾಲ್ಕನೆಯ ಪ್ರಶ್ನೆ

ಬೆಳಿಗ್ಗೆ ಹತ್ತು ನಲವತ್ತು. ಆ ಹೊತ್ತು ನನಗೆ ಗೊತ್ತಿರುವುದು ನಮಗೆ ಜರ್ಮನ್ ಕಲಿಸುತ್ತಿದ್ದ ಅಕ್ಕೋರ ಗಡಿಯಾರದಿಂದ. ಅದನ್ನು ಅವರು ಮಣಿಕಟ್ಟಿನ ಒಳಬದಿಗೆ ಕಟ್ಟುತ್ತಿದ್ದರು. ಹೊತ್ತು ನೋಡುವಾಗ ಅಂಗೈ ಮೇಲಾಗಿ, ಏನೋ ಬೇಡುವವರಂತೆ ಕಾಣುತ್ತಿದ್ದರು. ಮೌಖಿಕ ಪರೀಕ್ಷೆಯ ಕೋಣೆಯ ಬಾಗಿಲಲ್ಲಿ ಹಾಗೆಯೇ ಅಂಗೈ ನೋಡಿಕೊಂಡು, "ಹತ್ತು ನಲವತ್ತಾತು. ಹೋಗವಾ, ನಿನ್ನ ಪಾಳಿ" ಎಂದರು.

ಅವರ ಮನೆ ಮೂಡಲಗಿಯಲ್ಲಿ, ಮನೆಮಾತು ಮರಾಠಿ. ಗೋಕಾಕದಲ್ಲಿ ಬಸ್ಸು ಬದಲಿಸಿ ಹುಕ್ಕೇರಿಯ ನಮ್ಮ ನರ್ಸಿಂಗ್ ಕಾಲೇಜಿಗೆ ಬರುತ್ತಿದ್ದರು. ಜರ್ಮನಿಯ ಆಸ್ಪತ್ರೆಗೆ ಹೋಗಬೇಕೆಂದರೆ ಆ ಪರೀಕ್ಷೆ ಪಾಸಾಗಬೇಕಿತ್ತು. ನಾವು ಹುಡುಗಿಯರು ಹೆದರಿ ತರಗತಿಯಲ್ಲಿ ಬಾಯಿ ಬಿಡುತ್ತಿರಲಿಲ್ಲ. ಹಳೆಯ ಪ್ರಶ್ನೆಗಳ ಉತ್ತರಗಳನ್ನು ಕನ್ನಡ ಅಕ್ಷರದಲ್ಲಿ ಚೀಟಿಗೆ ಬರೆದುಕೊಂಡು, ಒಂದರಿಂದ ಹತ್ತರವರೆಗೆ ಸಾಲಾಗಿ ಬಾಯಿಪಾಠ ಮಾಡುತ್ತಿದ್ದೆವು.

ಒಮ್ಮೆ ಅಕ್ಕೋರು ನನ್ನ ಚೀಟಿ ಹಿಡಿದರು. "ಅಲ್ಲಿ ಮುದುಕಪ್ಪ 'ಎದಿ ನೋಯಾಕತ್ತೈತಿ' ಅಂದ್ರ, 'ತಡೀರಿ ಕಾಕಾ, ಅದು ನಾಕನೇ ಪ್ರಶ್ನಿ' ಅಂತೀ ಏನ?"

ಎಲ್ಲರೂ ನಕ್ಕರು.

"ತಪ್ಪಾದ್ರೂ ಮಾತಾಡ್ರಿ. ಮದ್ವಿ ಆಗಿ ಬಂದಾಗ ನನ್ನ ಕನ್ನಡಾ ಕೇಳಿ ಇಡೀ ಓಣಿ ನಗತಿತ್ತು. ನಕ್ರ ಯಾರೂ ಸಾಯಂಗಿಲ್ಲ."

ಚೀಟಿ ಹರಿಯಲಿಲ್ಲ. ನನ್ನ ಮುಖ ನೋಡಿ ಮರಳಿ ಕೊಟ್ಟರು.

ಪರೀಕ್ಷಕರು ಮೊದಲಿಗೇ ನಾಲ್ಕನೆಯದನ್ನು, ಆ ನೋವಿನ ಪ್ರಶ್ನೆಯನ್ನು ಕೇಳಿದರು. ನಾನು ಚೀಟಿಯ ಒಂದನೆಯ ಉತ್ತರ, ನನ್ನ ಹೆಸರು, ಊರು ಹೇಳಿದೆ. ಮತ್ತೆ ಕೇಳಿದರು. ಮತ್ತೆ ಅದೇ ಹೆಸರು, ಅದೇ ತುಕ್ಕಾನಟ್ಟಿ. ಒಬ್ಬರು ಪೆನ್ನು ಕೆಳಗಿಟ್ಟರು. ಎದ್ದು ಓಡಿದೆ. ಗೇಟು ದಾಟಿದ್ದು ನೆನಪಿಲ್ಲ. ಕಬ್ಬಿನ ಟ್ರ್ಯಾಕ್ಟರಿನ ಹಾರ್ನ್ ಕೇಳಿತು. ಯಾವ ಕಡೆಯಿಂದ ಎಂದು ತಿಳಿಯಲಿಲ್ಲ. ಯಾರೋ ತೋಳು ಹಿಡಿದು ಹಿಂದಕ್ಕೆಸೆದರು. ನಾನು ಎದ್ದಾಗ ಅಕ್ಕೋರು ಟ್ರಾಲಿಯ ಗಾಲಿಯ ಬಳಿ ಬಿದ್ದಿದ್ದರು. ನನ್ನ ತೋಳಿನ ಮೇಲೆ ಅವರ ಗಡಿಯಾರದ ದುಂಡನೆಯ ಗುರುತು ಮೂಡಿತ್ತು.

ಗೋಕಾಕದ ಆಸ್ಪತ್ರೆಯಲ್ಲಿ ಒಂಬತ್ತು ದಿನ ಇದ್ದರು. ನರ್ಸಿಂಗ್ ಓದುತ್ತಿದ್ದ ನನಗೆ ಅವರ ಕೇಸ್ ಪೇಪರ್ ಅರ್ಥವಾಗುತ್ತಿತ್ತು. ಅರ್ಥವಾಗದಿದ್ದರೆ ಚೆನ್ನಾಗಿತ್ತು.

"ಅಕ್ಕೋರ, ನನ್ನಿಂದಾನ..." ಎಂದೆ.

"ಅಳಬ್ಯಾಡ. ನಾ ರೋಗಿ, ನೀ ನರ್ಸ್. ಕೇಳ ನನ್ನ."

ಎಲ್ಲಿ ನೋಯುತ್ತಿದೆ ಎಂದು ಜರ್ಮನ್‌ನಲ್ಲಿ ಕೇಳಿದೆ, ತಪ್ಪುತಪ್ಪಾಗಿ. ಅವರು ತಿದ್ದಲಿಲ್ಲ. ಎಲ್ಲ ಕಡೆ ಎಂದು ಅದೇ ಭಾಷೆಯಲ್ಲಿ ಉತ್ತರ ಕೊಟ್ಟರು. ಮರುದಿನ ಬೆಳಿಗ್ಗೆ ತೀರಿಕೊಂಡರು.

ಆಮೇಲೆ ರಾತ್ರಿ ಕಣ್ಣು ಮುಚ್ಚಿದರೆ ಹಾರ್ನ್, ನಿದ್ದೆ ಇಲ್ಲ. ಎಷ್ಟು ಸಲ ನೆನೆದರೂ ಆ ಟ್ರ್ಯಾಕ್ಟರು ಎಡದಿಂದ ಬಂತೋ ಬಲದಿಂದಲೋ ಹೇಳಲಾರೆ.

ಎಂಟು ತಿಂಗಳಾದ ಮೇಲೆ, ಹೋದ ಬುಧವಾರ ಮತ್ತೆ ಪರೀಕ್ಷೆಗೆ ಕೂತೆ. ಚೀಟಿ ಬರೆದಿರಲಿಲ್ಲ. ಪ್ರಶ್ನೆಗಳು ಹೇಗೆ ಹೇಗೋ ಬಂದವು. ನನ್ನ ಒಂದು ಉತ್ತರಕ್ಕೆ ಪರೀಕ್ಷಕರು ನಕ್ಕೇಬಿಟ್ಟರು. ಬಾಗಿಲ ಕಡೆ ನೋಡಿದೆ. ಅಲ್ಲಿ ಯಾರೂ ಇರಲಿಲ್ಲ. ಕುರ್ಚಿ ಬಿಟ್ಟು ಏಳಲಿಲ್ಲ. ಅದೇ ತಪ್ಪು ಮಾತನ್ನು ಮುಂದುವರಿಸಿದೆ.

ಫಲಿತಾಂಶ ಇನ್ನೂ ಬಂದಿಲ್ಲ. ಬುಧವಾರ ರಾತ್ರಿ ಮಲಗಿದವಳು ಗುರುವಾರ ಬಿಸಿಲು ಬಿದ್ದ ಮೇಲೆ ಎದ್ದೆ.