ಬಿಸಿಲು ಕಾಣದ ಚಷ್ಮಾ

ಐಗಳಿಯ ದ್ರಾಕ್ಷಿ ತೋಟಗಳಲ್ಲಿ ದಸ್ತಗೀರನಂತೆ ಕತ್ತರಿ ಹಿಡಿದು ಬಳ್ಳಿ ಸವರುವವ ಇನ್ನೊಬ್ಬನಿಲ್ಲ. ಹಾಗೆಂದು ಅವನೇ ಹೇಳುತ್ತಾನೆ. ಮೂವತ್ತು ಬೇಸಿಗೆ ಚಪ್ಪರದಡಿ ಕತ್ತೆತ್ತಿ ನಿಂತು ಬಿಸಿಲನ್ನೇ ದಿಟ್ಟಿಸಿದ ಕಣ್ಣುಗಳ ಮೂಲೆಯಲ್ಲಿ ಈಗ ಮಾಂಸ ಬೆಳೆದಿದೆ. ಕಣ್ಣಿನ ಶಿಬಿರದ ಡಾಕ್ಟರು ಕೊಟ್ಟ ಕರಿ ಚಷ್ಮಾ ಮಾತ್ರ ಡಬ್ಬಿ ಬಿಟ್ಟು ತೋಟಕ್ಕೆ ಬರುವುದಿಲ್ಲ. ಕೇಳಿದರೆ, "ಬಿಸಿಲಿಗೆ ಚಷ್ಮಾ ಕೆಡತೈತ್ರಿ, ಕಣ್ಣಿಗೇನ, ರೂಢಿ ಐತಿ" ಎನ್ನುತ್ತಾನೆ. ಮದುವೆಗೆ ಹೋದರೆ, ಪೆಂಡಾಲಿನ ನೆರಳಲ್ಲಿ ಕೂತ ಮೇಲೆ ಹಾಕಿಕೊಳ್ಳುತ್ತಾನೆ. ದಿನಾ ಸಂಜೆ ಅದನ್ನು ಮಣ್ಣಾದ ಅಂಗಿಯ ಚುಂಗಿನಿಂದ ತಿಕ್ಕಿ ಒರೆಸಿ, ಬೆಳಕಿಗೆ ಹಿಡಿದು, ಹೆಂಡತಿಯನ್ನು ಕರೆಯುತ್ತಾನೆ: "ನೋಡ ಬೇ ಚಮನಬಿ, ಒಂದರೆ ಗೀರು ಬಿದ್ದೈತೇನ?" ಎರಡೂ ಗಾಜಿನ ತುಂಬ ಗೀರುಗಳೇ. ಚಮನಬಿ ಅವನ ಕಣ್ಣುಗಳನ್ನೊಮ್ಮೆ ನೋಡಿ, "ಇಲ್ರಿ, ಹೊಸಾದಿದ್ದಂಗ ಐತಿ" ಎಂದು ಚಷ್ಮಾ ಡಬ್ಬಿಗಿಡುತ್ತಾಳೆ.